ಶಾಸ್ತ್ರ ಇಲ್ಲದ ಹೂವು

ನಮ್ಮಲ್ಲಿ ಹೂವಿಗೆ ಇರುವಷ್ಟು ಶಾಸ್ತ್ರ ಬೇರೆ ಯಾವುದಕ್ಕೂ ಇಲ್ಲವೇನೋ. ಸಂಜೆ ದೀಪ ಹಚ್ಚಿದ ಮೇಲೆ ಗಿಡದಿಂದ ಹೂ ಕೀಳಬಾರದು. ದೇವರಿಗೆ ಏರಿಸುವ ಮೊದಲು ಮೂಸಬಾರದು. ಕೇದಿಗೆ ಎಷ್ಟೇ ಘಮಘಮ ಅಂದರೂ ಶಿವನಿಗೆ ಆಗಲ್ಲ. ಎಕ್ಕದ ಹೂವು ಗಣಪತಿಗೆ ಆಗುತ್ತೆ, ಜಡೆಗೆ ಆಗಲ್ಲ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಂದುಕೊಂಡ ಕೆಲಸ ಆಯ್ತು ಅಂತ ಲೆಕ್ಕ. ಮನೆಗೆ ಬಂದ ಹೆಂಗಸರನ್ನು ಅರಿಶಿನ ಕುಂಕುಮ, ಹೂವು ಕೊಡದೆ ಕಳಿಸಬಾರದು. ಆದರೆ ಎಲ್ಲ ಹೆಂಗಸರಿಗೂ ಕೊಡುವ ಹಾಗಿಲ್ಲ.

ಆ ಕೊನೆಯ ಮಾತಿನ ಬಗ್ಗೆಯೇ ಈ ವಾರದ ಬರಹ. ಜೊತೆಗೆ ಒಂದು ಕ್ರೋಶಾ ಕಡ್ಡಿ, ಒಂದು ಉಂಡೆ ದಾರದ ಬಗ್ಗೆ.

ನಮ್ಮ ಆಫೀಸಿನಲ್ಲಿ ಈಗ ಎತ್ತ ನೋಡಿದರೂ ದಾರದ ಹೂವು. ಮಾನಿಟರ್ ಪಕ್ಕ ಒಂದು ಟುಲಿಪ್, ಐಡಿ ಕಾರ್ಡಿನ ಟ್ಯಾಗಿಗೆ ಒಂದು ಡೈಸಿ, ಬ್ಯಾಗಿನ ಜಿಪ್ಪಿಗೆ ಒಂದು ಸೂರ್ಯಕಾಂತಿ. ಯಾಕೆ ಇಷ್ಟ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಬಾಡಲ್ಲ ಅಲ್ವಾ, ಅದಕ್ಕೇ."

ನನಗೆ ಈ ಉತ್ತರ ಅಷ್ಟಾಗಿ ರುಚಿಸಲ್ಲ. ಪ್ಲಾಸ್ಟಿಕ್ ಹೂವೂ ಬಾಡಲ್ಲ. ನಿಜ ಹೇಳಬೇಕೆಂದರೆ ಮಲ್ಲಿಗೆಗೆ ಆ ಬೆಲೆ ಬಂದಿರುವುದೇ ಅದು ನಾಳೆ ಬೆಳಗ್ಗೆ ಹೊತ್ತಿಗೆ ಕಂದಿಹೋಗುತ್ತೆ ಅನ್ನೋದರಿಂದ. ಇವತ್ತೇ ಕೊಡಬೇಕು, ಇವತ್ತೇ ಮುಡಿಯಬೇಕು. ಆ ಅವಸರವೇ ಅದರ ಸೊಗಸು. ಇನ್ನು ಪರಿಮಳದ ವಿಷಯಕ್ಕೆ ಬಂದರೆ, ಉಲ್ಲನ್ ಹೂವು ಮೈಸೂರು ಮಲ್ಲಿಗೆಯ ಹತ್ತಿರ ಸುಳಿಯುವ ಹಾಗೂ ಇಲ್ಲ.

ಹೆಣೆದ ಹೂವಿನ ಹೆಚ್ಚುಗಾರಿಕೆ ಬೇರೆ ಇದೆ. ಅದಕ್ಕೆ ಇನ್ನೂ ಯಾರೂ ಶಾಸ್ತ್ರ ಮಾಡಿಲ್ಲ. ಯಾವ ದೇವರಿಗೆ ಆಗುತ್ತೆ, ಯಾರ ತಲೆಗೆ ಆಗಲ್ಲ, ಯಾವ ವಾರ ಕೊಡಬಾರದು, ಯಾವುದೂ ಇಲ್ಲ. ಹಾಗಾಗಿ ನಿಜವಾದ ಹೂವು ಹೋಗದ ಕಡೆಗೆ ಅದು ಹೋಗಬಲ್ಲದು. ಇದು ನನಗೆ ಗೊತ್ತಾಗಿದ್ದು ನಮ್ಮ ದೊಡ್ಡಮ್ಮನಿಂದ. ಅವರ ವಿಷಯಕ್ಕೆ ಬರ್ತೀನಿ, ಅದಕ್ಕೂ ಮೊದಲು ಕಡ್ಡಿ ಹಿಡಿಯೋಣ.

ಒಂದೇ ಕಡ್ಡಿ, ಒಂದೇ ಕುಣಿಕೆ

ಸ್ವೆಟರ್ ಹಾಕೋದಕ್ಕೆ ಎರಡು ಕಡ್ಡಿ ಬೇಕು. ಕ್ರೋಶಾಗೆ ಒಂದೇ ಸಾಕು, ಅದರ ತುದಿಯಲ್ಲಿ ಒಂದು ಕೊಕ್ಕೆ. ಕ್ರೋಶಾ ಅನ್ನೋ ಹೆಸರು ಬಂದಿರೋದು ಫ್ರೆಂಚ್ ಭಾಷೆಯಿಂದ, ಅಲ್ಲಿ ಅದರ ಅರ್ಥ ಪುಟ್ಟ ಕೊಕ್ಕೆ. ತಿಪಟೂರಿನ ನಮ್ಮ ದೊಡ್ಡಮ್ಮ ಫ್ರೆಂಚ್ ಕಲಿಯದೆಯೇ ಇದನ್ನು "ಕೊಕ್ಕೆ ಕಡ್ಡಿ" ಅಂತಾರೆ.

ದೊಡ್ಡಮ್ಮ ಕಲಿತಿದ್ದು ಮದುವೆಗೆ ಮುಂಚೆ, ಊರಿನ ಮಹಿಳಾ ಸಮಾಜದ ಟೈಲರಿಂಗ್ ಕ್ಲಾಸಿನಲ್ಲಿ. ಆಮೇಲೆ ನಿಲ್ಲಿಸಲೇ ಇಲ್ಲ. ಬಾಗಿಲಿಗೆ ತೋರಣ, ಟಿವಿ ಮೇಲಿನ ಹೊದಿಕೆ, ಟೀಪಾಯಿಯ ಬಟ್ಟೆ, ಹಾಲಿನ ಪಾತ್ರೆ ಮುಚ್ಚೋದಕ್ಕೆ ಅಂಚಿನ ಸುತ್ತ ಮಣಿ ಕಟ್ಟಿದ ಜಾಲರಿ. ನಿಮ್ಮ ಅಜ್ಜಿ ಮನೆಯಲ್ಲೂ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತೆ, ನೆನಪಿಸಿಕೊಳ್ಳಿ.

2020ರಲ್ಲಿ ಲಾಕ್‌ಡೌನ್ ಆದಾಗ ನಾನು ಲ್ಯಾಪ್‌ಟಾಪ್ ಸಮೇತ ತಿಪಟೂರಿಗೆ ಹೋಗಿ ಕೂತೆ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೇಳಿಸಿಕೊಳ್ಳೋ ಹೊತ್ತಿನಲ್ಲಿ ದೊಡ್ಡಮ್ಮ ನನ್ನ ಕೈಗೆ ಕಡ್ಡಿ ಕೊಟ್ಟರು. "ಕೈ ಬಿಗಿ ಬಿಡು. ದಾರ ಎಲ್ಲೂ ಓಡಿಹೋಗಲ್ಲ" ಅನ್ನೋದು ಮೊದಲ ಪಾಠ. ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯೋದು, ಅಷ್ಟೇ ವಿದ್ಯೆ. ಉಳಿದಿದ್ದೆಲ್ಲ ಎಣಿಕೆ.

ಒಂದು ಸರಳವಾದ ಐದೆಸಳಿನ ಹೂವು ಹೇಳ್ತೀನಿ. ದಾರವನ್ನು ಬೆರಳಿಗೆ ಸುತ್ತಿ, ಎಳೆದರೆ ಬಿಗಿಯಾಗುವ ಉಂಗುರ ಮಾಡಿಕೊಳ್ಳಿ. ಇದಕ್ಕೆ ಮ್ಯಾಜಿಕ್ ರಿಂಗ್ ಅಂತಾರೆ. ಮೂರು ಚೈನ್ ಹಾಕಿ, ಉಂಗುರದೊಳಗೆ ಎರಡು ಡಬಲ್ ಕ್ರೋಶಾ, ಮತ್ತೆ ಮೂರು ಚೈನ್, ಉಂಗುರಕ್ಕೇ ಒಂದು ಸ್ಲಿಪ್ ಸ್ಟಿಚ್. ಒಂದು ಎಸಳು ಆಯ್ತು. ಹೀಗೇ ಐದು ಸಲ. ಕೊನೆಗೆ ಮೊದಲಿನ ದಾರದ ತುದಿ ಹಿಡಿದು ಎಳೆಯಿರಿ. ಸಡಿಲವಾಗಿದ್ದ ಉಂಗುರ ಮುಚ್ಚಿಕೊಂಡು, ಐದೂ ಎಸಳು ಒಟ್ಟಿಗೆ ನಿಲ್ಲುತ್ತವೆ. ಆ ಒಂದು ಎಳೆತಕ್ಕೆ ನಾನು ಇವತ್ತಿಗೂ ಕಾಯ್ತೀನಿ.

ವಿಡಿಯೊ ನೋಡಿ ಕಲಿಯೋರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಡಬಲ್ ಕ್ರೋಶಾ ಅನ್ನೋದನ್ನು ಬ್ರಿಟನ್ನಿನವರು ಟ್ರೆಬಲ್ ಅಂತಾರೆ. ಅಮೆರಿಕದ ಸಿಂಗಲ್ಲು ಬ್ರಿಟನ್ನಿನ ಡಬಲ್ಲು. ಮೇಲೆ ನಾನು ಹೇಳಿದ್ದು ಅಮೆರಿಕದ ಲೆಕ್ಕ. ಶುರು ಮಾಡೋ ಮೊದಲು ವಿಡಿಯೊದವರು ಯಾವ ಕಡೆಯವರು ಅಂತ ನೋಡಿಕೊಳ್ಳಿ.

ಹೂವಿನ ಆಕಾರ ಬರೋದೂ ಎಣಿಕೆಯಿಂದಲೇ. ಸುತ್ತು ಸುತ್ತಿಗೂ ಹದವಾಗಿ ಮನೆ ಹೆಚ್ಚಿಸಿದರೆ ಚಪ್ಪಟೆ ತಟ್ಟೆ ಆಗುತ್ತೆ. ಕಡಿಮೆ ಹೆಚ್ಚಿಸಿದರೆ ಬಟ್ಟಲು, ಅದೇ ಟುಲಿಪ್. ಜಾಸ್ತಿ ಹೆಚ್ಚಿಸಿದರೆ ಅಂಚು ಹಿಡಿಸಲಾರದೆ ನೆರಿಗೆ ನೆರಿಗೆಯಾಗಿ ಏಳುತ್ತೆ, ನಮ್ಮ ಕೋಳಿಜುಟ್ಟು ಹೂವಿನ ಹಾಗೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಇದೇ ಉಪಾಯದಿಂದ, ಕಾಗದದ ಮೇಲೆ ತೋರಿಸೋಕೆ ಕಷ್ಟವಾದ ಹೈಪರ್ಬಾಲಿಕ್ ಮೇಲ್ಮೈಯನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿಟ್ಟರು. ದೊಡ್ಡಮ್ಮನಿಗೆ ಇದನ್ನು ಹೇಳಿದೆ. "ನೆರಿಗೆ ಹಾಕೋದು ಗಣಿತಾನಾ? ಹಾಗಾದ್ರೆ ನಾನೂ ಪಾಸು" ಅಂದರು.

ಯಂತ್ರಕ್ಕೆ ಒಗ್ಗದ ಕೆಲಸ

ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಎರಡು ಕಡ್ಡಿಯ ಹೆಣಿಗೆಗೆ ಯಂತ್ರ ಬಂದು ಎಷ್ಟೋ ಕಾಲವಾಯ್ತು. ನಿಮ್ಮ ಟಿ-ಶರ್ಟು, ಕಾಲುಚೀಲ ಎಲ್ಲ ಯಂತ್ರ ಹೆಣೆದಿದ್ದೇ. ಆದರೆ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗುತ್ತೆ. ಅಂಗಡಿಯಲ್ಲಿ ಕ್ರೋಶಾ ಹಾಗೆ ಕಾಣುವ ಯಂತ್ರದ ಬಟ್ಟೆ ಸಿಗುತ್ತೆ, ಅದರ ನೇಯ್ಗೆ ಬೇರೆ. ನಿಜವಾದ ಕ್ರೋಶಾ ಹೂವು ಎಲ್ಲೇ ಕಾಣಲಿ, ಎಷ್ಟೇ ಅಗ್ಗವಾಗಿರಲಿ, ಯಾರೋ ಒಬ್ಬರು ಕೂತು ಒಂದೊಂದೇ ಕುಣಿಕೆ ಎಳೆದಿದ್ದಾರೆ ಅಂತ ಅರ್ಥ.

ಈಗ ಲೆಕ್ಕ ಹಾಕಿ. ದಂಟು, ಎಲೆ ಸೇರಿ ಒಂದು ಟುಲಿಪ್‌ಗೆ ನನಗೆ 45 ನಿಮಿಷ ಬೇಕು. ಏಳು ಟುಲಿಪ್ಪಿನ ಒಂದು ಗೊಂಚಲಿಗೆ ಐದೂಕಾಲು ಗಂಟೆ. ಮಾರೋರು ನನಗಿಂತ ಚುರುಕು ಅಂತಲೇ ಇಟ್ಟುಕೊಳ್ಳೋಣ, ಅರ್ಧ ಗಂಟೆ. ಒಂದು ಟುಲಿಪ್ಪನ್ನು ನೂರು ರೂಪಾಯಿಗೆ ಮಾರಿದರೆ ಅದರಲ್ಲಿ ದಾರ, ತಂತಿ, ಹಸಿರು ಟೇಪು, ಪ್ಯಾಕಿಂಗು, ಕೊರಿಯರ್ರು ಎಲ್ಲ ಕಳೆದು ಆ ಕೈಗೆ ಉಳಿಯೋದೆಷ್ಟು? ಆಮೇಲೂ ನಾವು ಮೆಸೇಜ್ ಹಾಕ್ತೀವಿ: "ಸ್ವಲ್ಪ ಕಡಿಮೆ ಮಾಡ್ಕೊಳಿ ಸಿಸ್, ದಾರ ತಾನೇ?"

ದಾರದ ಹೂವು ಹೊಟ್ಟೆ ತುಂಬಿಸಿದ ಕಥೆಯೂ ಇದೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಕ್ಷಾಮ ಬಂದಾಗ, ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಮತ್ತು ಕೆಲವು ಅನುಕೂಲಸ್ಥ ಹೆಂಗಸರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಗುಲಾಬಿ, ಮೂರೆಲೆಯ ಶ್ಯಾಮ್‌ರಾಕ್, ಎಲೆಬಳ್ಳಿ ಇವನ್ನು ಬಿಡಿಬಿಡಿಯಾಗಿ ಹೆಣೆದು, ಆಮೇಲೆ ಜಾಲರಿಯಿಂದ ಕೂಡಿಸಿ ಲೇಸ್ ಮಾಡೋದು ಅವರ ಪದ್ಧತಿ. ಶ್ರೀಮಂತರ ಕೊರಳಪಟ್ಟಿಗೆ ಹೋದ ಆ ಗುಲಾಬಿಗಳ ದುಡ್ಡಿನಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು.

ಅಷ್ಟು ದೂರ ಯಾಕೆ, ಪಕ್ಕದ ಆಂಧ್ರದ ಗೋದಾವರಿ ತೀರದ ನರಸಾಪುರವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಅಲ್ಲಿಗೆ ತಂದ ಕ್ರೋಶಾ ಲೇಸು ಈಗಲೂ ಸುತ್ತಲಿನ ಹಳ್ಳಿಗಳ ಹೆಂಗಸರ ಕೈಯಲ್ಲಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರು ಅಲ್ಲಿ ಕಂಡ ಮುಖ್ಯ ಸಂಗತಿ ಇದು: ಮನೆಗೆಲಸದ ಜೊತೆಗೆ ದಿನಕ್ಕೆ ಗಂಟೆಗಟ್ಟಲೆ ಹೆಣೆದು, ಪರದೇಶಕ್ಕೆ ಹೋಗುವ ಲೇಸು ಮಾಡುತ್ತಿದ್ದರೂ ಆ ಹೆಂಗಸರನ್ನು ಯಾರೂ ಕೆಲಸಗಾರರು ಅಂತ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಇರೋರು, ಬಿಡುವಿನಲ್ಲಿ ಏನೋ ಹೆಣೀತಾರೆ, ಅಷ್ಟೇ.

ಇದನ್ನು ಓದಿದಾಗ ನನಗೆ ದೊಡ್ಡಪ್ಪನ ಮಾತು ನೆನಪಾಯ್ತು. ಯಾರಾದರೂ ಮನೆಗೆ ಬಂದು "ಅವರೇನು ಮಾಡ್ತಿದ್ದಾರೆ?" ಅಂದರೆ, "ಏನಿಲ್ಲ, ಸುಮ್ನೆ ಕೂತು ಕಡ್ಡಿ ಆಡಿಸ್ತಿದಾಳೆ" ಅಂತಿದ್ದರು. ಪ್ರೀತಿಯಿಂದಲೇ ಅಂತಿದ್ದರು. ಆದರೂ ಆ "ಸುಮ್ನೆ"ಯಿಂದ ಹುಟ್ಟಿದ ತೋರಣಗಳು ನಮ್ಮ ನೆಂಟರಿಷ್ಟರ ಬಾಗಿಲಲ್ಲೆಲ್ಲ ಇವೆ. ಪ್ರತಿ ಮದುವೆಗೆ, ಪ್ರತಿ ಗೃಹಪ್ರವೇಶಕ್ಕೆ ಒಂದೊಂದು. ಮುಯ್ಯಿಯ ಪುಸ್ತಕದಲ್ಲಿ ಯಾವತ್ತೂ ಬರೆಯದ ಉಡುಗೊರೆ.

ದೊಡ್ಡಮ್ಮನ ಕನಕಾಂಬರ

ದೊಡ್ಡಪ್ಪ ಹೋಗಿ ಒಂಬತ್ತು ವರ್ಷವಾಯ್ತು. ಅವತ್ತಿನಿಂದ ದೊಡ್ಡಮ್ಮ ಹೂ ಮುಡಿದಿಲ್ಲ.

ಯಾರೂ ಮುಡಿಯಬೇಡಿ ಅಂತ ಹೇಳಿದ್ದು ನನಗೆ ಗೊತ್ತಿಲ್ಲ. ಹೇಳೋ ಅಗತ್ಯ ಬೀಳಲ್ಲ, ಅದೇ ಈ ಪದ್ಧತಿಯ ಬಲ. ಕಳೆದ ವರ್ಷ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಮುಂಚಿನ ದಿನ ಸಂಜೆಯಿಂದ ದೊಡ್ಡಮ್ಮ ನೆಲದ ಮೇಲೆ ಕೂತು, ಬಾಳೆನಾರು ನೆನೆಸಿಟ್ಟುಕೊಂಡು, ಬುಟ್ಟಿಗಟ್ಟಲೆ ಹೂ ಕಟ್ಟಿದರು. ನಮ್ಮ ಮನೆಯಲ್ಲಿ ಅವರಷ್ಟು ಒತ್ತಾಗಿ ಹೂ ಕಟ್ಟೋರು ಇನ್ನೊಬ್ಬರಿಲ್ಲ. ಮಾರನೇ ದಿನ ಸಂಜೆ ಅರಿಶಿನ ಕುಂಕುಮದ ತಟ್ಟೆ ಹೊರಡೋ ಹೊತ್ತಿಗೆ ಅವರು ಎದ್ದು ಅಡುಗೆಮನೆಗೆ ಹೋದರು. ಒಳಗೆ ಅಂಥ ಕೆಲಸವೇನೂ ಇರಲಿಲ್ಲ. ತಟ್ಟೆ ಹಿಡಿದ ಅಮ್ಮ ಅವರ ಮುಂದೆ ಬಂದು ಒಂದು ಕ್ಷಣ ತಡವರಿಸಬಾರದಲ್ಲ, ಅದಕ್ಕೆ. ಕೊಡದೇ ಇರೋರಿಗೆ ಮುಜುಗರ ಆಗದ ಹಾಗೆ ನೋಡಿಕೊಳ್ಳೋ ಜವಾಬ್ದಾರಿಯೂ ಅವರದ್ದೇ.

"ಮುಡ್ಕೊಳಿ ದೊಡ್ಡಮ್ಮ, ಯಾರೇನಂತಾರೆ ಈ ಕಾಲದಲ್ಲಿ?" ಅಂತ ನಾನು ಎಷ್ಟೋ ಸಲ ಅಂದಿದ್ದೀನಿ. ಒಂದು ಸಲ ಅವರು ತಿರುಗಿ ಹೇಳಿದರು: "ನೀನು ಹೇಳ್ಬಿಟ್ಟು ಬಸ್ ಹತ್ತಿ ಬೆಂಗಳೂರಿಗೆ ಹೋಗ್ತೀಯ ಮಗ. ಬೆಳಗೆದ್ದು ಈ ಬೀದೀಲಿ ಓಡಾಡೋಳು ನಾನು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೋದ ದೀಪಾವಳಿಗೆ ಅವರಿಗೆ ಏನು ತಗೊಂಡು ಹೋಗೋದು ಅಂತ ಯೋಚನೆ ಬಂತು. ಸೀರೆ ಕೊಟ್ಟರೆ ಬೀರುವಿಗೆ ಹೋಗುತ್ತೆ, ದುಡ್ಡು ಕೊಟ್ಟರೆ ಮೊಮ್ಮಕ್ಕಳ ಕೈಗೆ ಹೋಗುತ್ತೆ. ಕನಕಾಂಬರ ಹೆಣೆಯೋಣ ಅನ್ನಿಸಿತು. ಅವರು ಹಿಂದೆ ದಿನಾ ಮುಡಿಯುತ್ತಿದ್ದ ಹೂವು. ಇನ್ನೊಂದು ಅನುಕೂಲ ನೋಡಿ: ನಿಜವಾದ ಕನಕಾಂಬರಕ್ಕೂ ವಾಸನೆ ಇಲ್ಲ. ಇದೊಂದು ಹೂವಿನ ಮುಂದೆ ಮಾತ್ರ ದಾರದ ಹೂವು ಆ ವಿಷಯದಲ್ಲಿ ತಲೆ ತಗ್ಗಿಸಬೇಕಾಗಿಲ್ಲ.

ಮಾಡೋದು ಹೀಗೆ. ಕಿತ್ತಳೆ ಬಣ್ಣದ ತೆಳು ಹತ್ತಿ ದಾರ, ಸಣ್ಣ ಕಡ್ಡಿ. ಉಂಗುರದೊಳಗೆ ಐದರ ಬದಲು ಮೂರೇ ಎಸಳು ಹಾಕಿ, ಕೊನೆಯ ಎಸಳನ್ನು ಮೊದಲನೆಯದಕ್ಕೆ ಸೇರಿಸದೆ ಬಿಟ್ಟರೆ ಬೀಸಣಿಗೆಯ ಹಾಗೆ ಒಂದೇ ಪಕ್ಕಕ್ಕೆ ಹರಡಿಕೊಳ್ಳುತ್ತೆ. ಅಲ್ಲಿಂದ ಆರು ಚೈನ್ ಇಳಿಸಿ, ಅದರ ಮೇಲೇ ಸ್ಲಿಪ್ ಸ್ಟಿಚ್ಚಿನಲ್ಲಿ ವಾಪಸ್ ಬಂದರೆ ಉದ್ದನೆಯ ತೊಟ್ಟು. ಒಂದಕ್ಕೆ ಹತ್ತು ನಿಮಿಷ. ಆಫೀಸ್ ಕ್ಯಾಬಿನಲ್ಲಿ ಹೋಗ್ತಾ ಎರಡು, ಬರ್ತಾ ಎರಡು. ಒಂಬತ್ತು ದಿನಕ್ಕೆ 36 ಹೂವು. ಆಮೇಲೆ ಹಸಿರು ದಾರದಲ್ಲಿ, ನಿಜವಾದ ಹೂ ಕಟ್ಟೋ ಹಾಗೇ ಎರಡು ಈ ಕಡೆ ಎರಡು ಆ ಕಡೆ ಇಟ್ಟು ಗಂಟು ಹಾಕಿದೆ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಬಂತು.

ದೊಡ್ಡಮ್ಮ ಪೊಟ್ಟಣ ಬಿಚ್ಚಿದರು. ಕನ್ನಡಕ ಹಾಕಿಕೊಂಡರು. ಹೆಣಿಗೆ ಗೊತ್ತಿದ್ದೋರು ಮೊದಲು ನೋಡೋದು ಹಿಂದುಗಡೆ, ಅವರೂ ತಿರುಗಿಸಿ ನೋಡಿದರು. "ದಾರದ ತುದಿ ಒಳಗೆ ಸೇರಿಸಿದ್ದೀಯ. ಪರವಾಗಿಲ್ಲ." ಒಂದೊಂದೇ ಹೂವನ್ನು ಬೆರಳಲ್ಲಿ ಸರಿಸ್ತಾ ಹೋದರು. "ಎಷ್ಟು ದಿನ ಹಿಡೀತು?" ಒಂಬತ್ತು ದಿನ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನನಗೆ ಅಂತ ಯಾರೂ ಕಡ್ಡಿ ಹಿಡಿದಿರಲಿಲ್ಲ ಕಣೆ" ಅಂದರು.

ಐವತ್ತು ವರ್ಷ ಊರಿಗೆಲ್ಲ ಹೆಣೆದು ಕೊಟ್ಟೋರು. ಅವರಿಗೆ ಬಂದ ಮೊದಲ ಹೆಣಿಗೆ ಇದು.

ಮಾರನೇ ದಿನ ಬೆಳಗ್ಗೆ ತರಕಾರಿಗೆ ಹೊರಟಾಗ ನೋಡಿದೆ, ಬಟ್ಟೆ ಚೀಲದ ಹಿಡಿಗೆ ಕನಕಾಂಬರ ಸುತ್ತಿಕೊಂಡಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. "ಮುಡ್ಕೊಳ್ಳೋದು ಬೇರೆ, ಚೀಲಕ್ಕೆ ಕಟ್ಕೊಳ್ಳೋದು ಬೇರೆ. ಇದಕ್ಕೇನು ಶಾಸ್ತ್ರ?" ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮುಂದಿನ ವಾರ ಫೋನು. "ಕಿತ್ತಳೆ ದಾರ ಇನ್ನೊಂದು ಉಂಡೆ ಕಳಿಸು. ಪಕ್ಕದ ಮನೆಯವಳಿಗೂ, ಹಿಂದಿನ ಬೀದಿ ಟೀಚರಮ್ಮನಿಗೂ ಹಾಕಿಕೊಡಬೇಕು." ಆ ಇಬ್ಬರೂ ಯಾರು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಬರೋ ಹೊತ್ತಿಗೆ ಒಳಗೆ ಹೋಗೋರು ಅಂತ ನನಗೆ ಗೊತ್ತಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. "ಹೂ ಮುಡಿಯೋ ಹಕ್ಕಿಗೆ ಬದಲು ದಾರದ ಹೂವಾ?" ಅಂತ ನೀವು ಕೇಳಿದರೆ, ಅದು ಸರಿಯಾದ ಪ್ರಶ್ನೆಯೇ. ತಲೆ ಮೇಲಿನ ಒಂದು ತುಂಡು ಮಲ್ಲಿಗೆಯನ್ನು ಯಾವ ಉಲ್ಲನ್ ಹೂವೂ ತುಂಬಿಕೊಡಲ್ಲ. ಗಂಡ ತೀರಿಕೊಂಡ ಮೇಲೂ ಹೂ ಮುಡಿಯೋ ಹೆಂಗಸರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ, ಅದು ಇನ್ನೂ ಹೆಚ್ಚಾಗಬೇಕು. ನಾನು ಅಮ್ಮನಿಗೆ ಹೇಳಿಟ್ಟಿದ್ದೀನಿ: ಈ ಸಲದ ಹಬ್ಬಕ್ಕೆ ತಟ್ಟೆ ಹಿಡಿಯೋಳು ನಾನು, ಅದು ಅಡುಗೆಮನೆಗೂ ಹೋಗುತ್ತೆ, ತಟ್ಟೆಯಲ್ಲಿ ನಿಜವಾದ ಹೂವೇ ಇರುತ್ತೆ. ತಗೊಳ್ಳೋದು ಬಿಡೋದು ದೊಡ್ಡಮ್ಮನಿಗೆ ಬಿಟ್ಟಿದ್ದು. ಅಮ್ಮ ಆಗಲಿ ಅಂದಿಲ್ಲ. ಬೇಡ ಅಂತಲೂ ಅಂದಿಲ್ಲ.

ವಾರ್ಡಿನ ಬಾಗಿಲು ದಾಟೋ ಹೂವು

ಶಾಸ್ತ್ರ ತಡೆಯೋದು ಒಂದು ಕಡೆಯಾದರೆ, ಆಸ್ಪತ್ರೆ ತಡೆಯೋದು ಇನ್ನೊಂದು ಕಡೆ. ನಮ್ಮ ಟೀಮಿನ ಒಬ್ಬರಿಗೆ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ನಡೀತಿತ್ತು. ನೋಡೋಕೆ ಹೋಗೋಣ ಅಂದಾಗ ಎಲ್ಲರಿಗೂ ಮೊದಲು ಹೊಳೆದಿದ್ದು ಬೊಕೆ. ಆದರೆ ಕೀಮೋ ತಗೊಳ್ಳೋರಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ತಡೆಯೋ ಶಕ್ತಿ ತಗ್ಗಿರುತ್ತೆ. ಹೂದಾನಿಯ ನೀರಿನಲ್ಲಿ, ಕುಂಡದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಇರುತ್ತವೆ. ಅದಕ್ಕೇ ಇಂಥ ವಾರ್ಡುಗಳಿಗೆ, ಐಸಿಯುಗಳಿಗೆ ತಾಜಾ ಹೂವು, ಗಿಡ ಸಾಮಾನ್ಯವಾಗಿ ಬಿಡಲ್ಲ.

ನಾನು ಮೊದಲು ಅಲ್ಲಿನ ನರ್ಸ್ ಅವರಿಗೇ ಫೋನ್ ಮಾಡಿ ಕೇಳಿದೆ. ಹೊಸದಾಗಿರಬೇಕು, ತೊಳೆದು ಪೂರ್ತಿ ಒಣಗಿಸಿರಬೇಕು, ಮುಚ್ಚಿದ ಕವರಿನಲ್ಲಿ ತರಬೇಕು ಅಂದರು. ಹತ್ತಿ ದಾರದಲ್ಲಿ ಐದು ಟುಲಿಪ್ ಹೆಣೆದೆ. ತಂತಿ ಹಾಕದೆ, ದಂಟನ್ನೂ ದಾರದಲ್ಲೇ ಗಟ್ಟಿಯಾಗಿ ಹೆಣೆದಿದ್ದರಿಂದ ಪೂರ್ತಿ ಸೋಪಿನಲ್ಲಿ ತೊಳೆಯೋಕೆ ಆಯ್ತು.

ಅವರು ನಲವತ್ತು ದಾಟಿದ ಗಂಡಸು, ಹೆಚ್ಚು ಮಾತಿಲ್ಲದ ಮನುಷ್ಯ. ಕವರು ನೋಡಿ ನಕ್ಕು, "ಮದುವೆ ಹಾರ ಬಿಟ್ರೆ ಯಾರಾದ್ರೂ ನನಗೆ ಹೂವು ಅಂತ ಕೊಟ್ಟಿದ್ದು ಇದೇ ಮೊದಲು" ಅಂದರು. ಯೋಚನೆ ಮಾಡಿ ನೋಡಿ, ಹೌದಲ್ಲ! ನಮ್ಮಲ್ಲಿ ಗಂಡಸರಿಗೆ ಹೂವು ಬರೋದು ಮದುವೆಯಲ್ಲಿ, ಸನ್ಮಾನದಲ್ಲಿ, ಆಮೇಲೆ ಅದನ್ನು ನೋಡೋಕೆ ಅವರೇ ಇಲ್ಲದ ದಿನ. ಸುಮ್ಮನೆ ಒಂದು ಮಂಗಳವಾರ ಯಾರೂ ಕೊಡಲ್ಲ.

ಹಾಕಿ ಕೊಡೋರಿಗೆ ನಾಲ್ಕು ಮಾತು

ದಾರ: ಆಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣ ಜಾಸ್ತಿ, ಕಲಿಯೋಕೆ ಚೆನ್ನ. ಮೈಗೆ, ಮುಖಕ್ಕೆ ಹತ್ತಿರ ಇರೋ ಹೂವಾದರೆ ಹತ್ತಿ ದಾರವೇ ಮೇಲು. ಶುರು ಮಾಡೋರು ತಿಳಿ ಬಣ್ಣ ತಗೊಳ್ಳಿ. ಕಪ್ಪು, ಕಡುನೀಲಿಯಲ್ಲಿ ಕುಣಿಕೆ ಕಣ್ಣಿಗೇ ಕಾಣಲ್ಲ.

ಕಡ್ಡಿ: 2.5ರಿಂದ 3.5 ಮಿಲಿಮೀಟರ್ ಒಳಗೆ ಒಂದು ಸಾಕು. ಇಡೀ ಸೆಟ್ಟು ತಗೊಂಡು ಡ್ರಾಯರಿಗೆ ಹಾಕೋದು ಬೇಡ.

ಮಕ್ಕಳಿರೋ ಮನೆಗೆ: ಮಣಿ, ಗುಂಡಿ, ತಂತಿ ಹಾಕಬೇಡಿ. ಕೈಗೆ ಸಿಕ್ಕಿದ್ದೆಲ್ಲ ಮಕ್ಕಳ ಬಾಯಿಗೆ ಹೋಗುತ್ತೆ.

ತೊಳೆಯೋದು: ದಾರದ ಹೂವು ಬಾಡಲ್ಲ, ಆದರೆ ಧೂಳು ಕೂರುತ್ತೆ. ತಂತಿ ಇಲ್ಲದಿದ್ದರೆ ಉಗುರುಬೆಚ್ಚನೆ ನೀರು, ಸ್ವಲ್ಪ ಶಾಂಪೂ, ನೆರಳಿನಲ್ಲಿ ಒಣಗಿಸೋದು. ಕೊಡುವಾಗ ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ಇನ್ನು ಎಲ್ಲಿ ಬೇಡ ಅಂತಲೂ ಹೇಳಿಬಿಡ್ತೀನಿ. ಇಪ್ಪತ್ತು ಜನ ಸೇರಿ ದುಡ್ಡು ಹಾಕಿ ಕೊಡುವ ಬೀಳ್ಕೊಡುಗೆಗೆ ನೀವೊಬ್ಬರೇ ರಾತ್ರಿ ಎರಡರವರೆಗೆ ಕೂತು ಹೆಣೆಯಬೇಡಿ. ಬೆಳಗ್ಗೆ ಕೆ.ಆರ್. ಮಾರ್ಕೆಟಿಗೆ ಹೋಗಿ ಒಂದು ಕಟ್ಟು ಸೇವಂತಿಗೆ ತನ್ನಿ, ಹೂವಿನವರಿಗೂ ವ್ಯಾಪಾರ ಆಗುತ್ತೆ. "ನಿಂಗೆ ಹೇಗೂ ಬರುತ್ತಲ್ಲ, ನಂಗೂ ಒಂದು ಹಾಕ್ಕೊಡು" ಅನ್ನೋರಿಗೆ ಬೇಜಾರಿಲ್ಲದೆ ಗಂಟೆಯ ಲೆಕ್ಕ ಹೇಳಿ. ಅರ್ಧ ಜನ ಅಲ್ಲಿಗೇ ಬಿಡ್ತಾರೆ. ಉಳಿದರ್ಧ ಜನ ಪಕ್ಕದಲ್ಲಿ ಕೂತು ಕಲೀತಾರೆ, ಅದು ಇನ್ನೂ ಒಳ್ಳೇದು.

ಕೊಂಡು ಕೊಡೋರಾದರೆ ಮಾಡಿದವರಿಂದಲೇ ನೇರವಾಗಿ ತಗೊಳ್ಳಿ, ಚೌಕಾಸಿ ಬೇಡ. ನೀವು ಕೊಡ್ತಿರೋದು ಅವರ ಸಮಯ, ಅದು ನಿಮ್ಮ ಹೆಸರಿನಲ್ಲಿ ಹೋಗ್ತಿದೆ ಅನ್ನೋದು ನೆನಪಿರಲಿ.

ಬಿಡುವಿದ್ದರೆ ಈ ಶನಿವಾರ ಒಂದು ಉಂಡೆ ದಾರ ತನ್ನಿ. ಹೆಣೆಯೋ ಮೊದಲು ಒಂದು ಹೆಸರು ಯೋಚಿಸಿ: ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಆಫೀಸಿನಲ್ಲಿ ಹೂವಿನ ತಟ್ಟೆ ಯಾರ ಮುಂದೆ ನಿಲ್ಲದೆ ಮುಂದಕ್ಕೆ ಹೋಗುತ್ತೆ? ಐದೆಸಳಿನ ಒಂದು ಹೂವು ಅವರಿಗೆ ಸಾಕು. ಮೊದಲನೇ ಹೂವು ಸೊಟ್ಟಗೇ ಬರುತ್ತೆ, ಒಂದು ಎಸಳು ದೊಡ್ಡದು, ಒಂದು ಚಿಕ್ಕದು. ಆದರೂ ಕೊಟ್ಟುಬಿಡಿ. ತಗೊಳ್ಳೋರು ಯಾರೂ ತಿರುಗಿಸಿ ಹಿಂದುಗಡೆ ನೋಡಲ್ಲ, ನಮ್ಮ ದೊಡ್ಡಮ್ಮನಂಥವರು ಬಿಟ್ಟರೆ.